ಆರ್‌ಟಿಕೆಲಿಬ್‌ನಲ್ಲಿ ಫಿಕ್ಸ್ ನಿಲ್ಲುತ್ತಿಲ್ಲ, ಬೇರೆ ಸಾಫ್ಟ್‌ವೇರ್‌ಗೆ ಹೋಗಬೇಕಾ?

ನಕ್ಷೆಗಾರ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಯು-ಬ್ಲಾಕ್ಸ್ ಜಿಪಿಎಸ್ ರಿಸೀವರ್ ಇವೆ, ಎರಡೂ ಎಲ್1 ಅನ್ನೋ ಒಂದೇ ಫ್ರೀಕ್ವೆನ್ಸಿ ಹಿಡಿಯುವಂಥವು. ಒಂದನ್ನು ಬೇಸ್ ಅಂತ ಒಂದು ಕಡೆ ಇಟ್ಟು, ಇನ್ನೊಂದನ್ನು ರೋವರ್ ಅಂತ ಕೋಲಿಗೆ ಕಟ್ಟಿಕೊಂಡು ಜಮೀನಿನ ಗಡಿ ಸುತ್ತುತ್ತೇನೆ. ಆಮೇಲೆ ಎರಡರ ಲಾಗನ್ನೂ ರೈನೆಕ್ಸ್ ಅನ್ನೋ ಸಾಮಾನ್ಯ ಫೈಲ್ ರೂಪಕ್ಕೆ ತಂದು, ಸ್ಥಾನದ ಲೆಕ್ಕ ಹಾಕುವ ಆರ್‌ಟಿಕೆಲಿಬ್ ಸಾಫ್ಟ್‌ವೇರ್‌ನ ಆರ್‌ಟಿಕೆಪೋಸ್ಟ್‌ಗೆ ಕೊಡುತ್ತೇನೆ. ಶುರುವಿನಲ್ಲಿ ಸ್ವಲ್ಪ ಹೊತ್ತು ಫಿಕ್ಸ್ (ನಿಖರ ಉತ್ತರ) ಬರುತ್ತದೆ, ನಡೆಯಲು ಹೊರಟ ಮೇಲೆ ಬರೀ ಫ್ಲೋಟ್ (ಒರಟು ಅಂದಾಜು). ಜೀಲ್ಯಾಬ್, ಗಿನಾನ್ ಅಂತೆಲ್ಲ ಹೆಸರು ಕೇಳಿದ್ದೇನೆ. ಅವು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವಾ?

ಗಗನಮುಖಿ:
ಸಾಫ್ಟ್‌ವೇರ್ ಬದಲಾಯಿಸುವ ಮೊದಲು ಡೇಟಾ ನೋಡಿ. ಆರ್‌ಟಿಕೆಲಿಬ್‌ನಲ್ಲೇ ಇರುವ ಆರ್‌ಟಿಕೆಪ್ಲಾಟ್‌ನಲ್ಲಿ ಉತ್ತರದ ಫೈಲ್ ಅಲ್ಲ, ರೋವರ್‌ನ ರೈನೆಕ್ಸ್ ಫೈಲನ್ನೇ ತೆರೆಯಿರಿ. ಒಂದೊಂದು ಉಪಗ್ರಹಕ್ಕೂ ಒಂದೊಂದು ಅಡ್ಡಗೆರೆ ಕಾಣಿಸುತ್ತದೆ. ಸೈಕಲ್ ಸ್ಲಿಪ್ ತೋರಿಸುವ ಆಯ್ಕೆ ಹಾಕಿದರೆ ಸಿಗ್ನಲ್ ಹಿಡಿತ ತಪ್ಪಿದ ಕಡೆಯೆಲ್ಲ ಆ ಗೆರೆಯ ಮೇಲೆ ಕೆಂಪು ಗೀಟು ಬೀಳುತ್ತದೆ.

ಅದು ಯಾಕೆ ಮುಖ್ಯ ಅಂದರೆ, ಎಲ್1 ಅಲೆಯ ಉದ್ದ ಸುಮಾರು 19 ಸೆಂ.ಮೀ. ಅಲೆಯ ಯಾವ ಭಾಗದಲ್ಲಿದ್ದೇವೆ ಅನ್ನೋದನ್ನು ರಿಸೀವರ್ ಮಿಲಿಮೀಟರ್ ಲೆಕ್ಕದಲ್ಲಿ ಹೇಳಬಲ್ಲದು, ಆದರೆ ಉಪಗ್ರಹಕ್ಕೂ ತನಗೂ ಮಧ್ಯೆ ಎಷ್ಟು ಪೂರ್ತಿ ಅಲೆಗಳಿವೆ ಅಂತ ಅದಕ್ಕೆ ಗೊತ್ತಿಲ್ಲ. ಆ ಪೂರ್ಣಸಂಖ್ಯೆ ಸಿಕ್ಕರೆ ಫಿಕ್ಸ್, ಸಿಗದಿದ್ದರೆ ಫ್ಲೋಟ್. ಹಿಡಿತ ಒಮ್ಮೆ ತಪ್ಪಿತು ಅಂದರೆ ಆ ಉಪಗ್ರಹದ ಸಂಖ್ಯೆಯನ್ನು ಮತ್ತೆ ಮೊದಲಿಂದ ಹುಡುಕಬೇಕು. ಒಂದೇ ಫ್ರೀಕ್ವೆನ್ಸಿ ಇದ್ದಾಗ ಇದಕ್ಕೆ ಜಾಸ್ತಿ ಹೊತ್ತು ಬೇಕು, ಅಷ್ಟರೊಳಗೆ ಇನ್ನೊಂದು ಸ್ಲಿಪ್ ಬಂದರೆ ಮುಗೀತು. ನೆಲದಿಂದ ಪ್ರತಿಫಲಿಸಿ ಬರುವ ಸಿಗ್ನಲ್ ತಡೆಯಲು ಆಂಟೆನಾ ಕೆಳಗೆ ಲೋಹದ ತಟ್ಟೆ ಇದೆಯಾ?

ನಕ್ಷೆಗಾರ:
ಇಲ್ಲ, ಆಂಟೆನಾ ನೇರವಾಗಿ ಕೋಲಿನ ಮೇಲೇ ಇದೆ. ಈಗ ತೆರೆದು ನೋಡಿದೆ. ಬೇಸ್‌ನ ಗೆರೆಗಳು ಹೆಚ್ಚುಕಡಿಮೆ ಸ್ವಚ್ಛ. ರೋವರ್‌ನಲ್ಲಿ ಮರಗಳ ಸಾಲಿನ ಪಕ್ಕ ನಡೆದ ಹೊತ್ತಿಗೆ ಸರಿಯಾಗಿ ಎಲ್ಲ ಗೆರೆಗಳೂ ಕೆಂಪು!

ಸಿ_ಕೋಡ್:
ಉತ್ತರ ಅಲ್ಲೇ ಸಿಕ್ತು ಅಲ್ವಾ. ಮೊದಲು ತಟ್ಟೆ ಹಾಕಿ. ಮರದ ಕಡೆ ಹೋಗುವ ಮುಂಚೆ ಬಯಲಲ್ಲಿ ಸುಮ್ನೆ ನಿಂತು ಫಿಕ್ಸ್ ಗಟ್ಟಿಯಾಗಲು ಬಿಡಿ, ಕೊನೆಯಲ್ಲೂ ಹಾಗೇ ಸ್ವಲ್ಪ ನಿಲ್ಲಿ. ಆಮೇಲೆ ಫಿಲ್ಟರ್ ಆಯ್ಕೆಯಲ್ಲಿ 'ಕಂಬೈನ್ಡ್' ಕೊಡಿ. ಆಗ ಲೆಕ್ಕ ಮುಂದಿನಿಂದಲೂ ಹಿಂದಿನಿಂದಲೂ ನಡೆಯುತ್ತದೆ, ಕೊನೆಯಲ್ಲಿ ನಿಂತ ಹೊತ್ತಿನ ಒಳ್ಳೆಯ ಡೇಟಾ ಮರಗಳ ಭಾಗಕ್ಕೂ ನೆರವಾಗುತ್ತದೆ.

ಆರ್‌ಟಿಕೆಲಿಬ್‌ನ ಡೆಮೊ5 ಅನ್ನೋ ಕವಲನ್ನೂ (ಬೇರೆಯವರು ತಿದ್ದಿದ ಆವೃತ್ತಿ) ಹಾಕಿಕೊಳ್ಳಿ. ತೊಮೊಜಿ ತಕಾಸು ಅವರ ಮೂಲ ಆರ್‌ಟಿಕೆಲಿಬ್ ಮೇಲೇ ಕಟ್ಟಿದ್ದು, ಇಂಥ ಕಡಿಮೆ ಬೆಲೆಯ ರಿಸೀವರ್‌ಗಳಿಗಾಗಿಯೇ ಹದ ಮಾಡಿದ್ದು. ಮೂಲವನ್ನು ಬಿಎಸ್‌ಡಿ ಲೈಸೆನ್ಸ್‌ನಲ್ಲಿ ಬಿಟ್ಟಿದ್ದರಿಂದಲೇ ಬೇರೆಯವರು ಇಷ್ಟು ಧಾರಾಳವಾಗಿ ಕೈಯಾಡಿಸಲು ಆಯಿತು. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದೂ ಅದಕ್ಕೇ.

ಗಗನಮುಖಿ:
ಗಿನಾನ್ ಬಗ್ಗೆ ಕೇಳಿದ್ದಿರಿ. ಅದು ಆಸ್ಟ್ರೇಲಿಯಾ ಸರ್ಕಾರದ ಜಿಯೋಸೈನ್ಸ್ ಆಸ್ಟ್ರೇಲಿಯಾದ್ದು, ಒಳ್ಳೆಯದೇ, ಆದರೆ ಅದರ ಗಮನ ಪಿಪಿಪಿ ಮತ್ತು ಕಕ್ಷೆ ಲೆಕ್ಕದ ಕಡೆ. ಬೇಸ್ ಇಲ್ಲದೆ, ಐಜಿಎಸ್ ಅನ್ನೋ ಅಂತರರಾಷ್ಟ್ರೀಯ ಸೇವೆ ಕೊಡುವ ಉಪಗ್ರಹಗಳ ನಿಖರ ಕಕ್ಷೆ ಮತ್ತು ಗಡಿಯಾರದ ಫೈಲ್ ಹಾಕಿ ಸ್ಥಾನ ಕಂಡುಹಿಡಿಯುವುದು ಪಿಪಿಪಿ. ಜೀಲ್ಯಾಬ್ ಕಲಿಯುವವರಿಗೆ ತುಂಬಾ ಚೆನ್ನ, ಲೆಕ್ಕದ ಪ್ರತಿ ಹಂತವನ್ನೂ ಬಿಡಿಸಿ ತೋರಿಸುತ್ತದೆ. ಆದರೆ ಮರದ ಕೆಳಗೆ ಹಿಡಿತ ತಪ್ಪಿದ ಸಿಗ್ನಲ್ಲನ್ನು ಯಾವುದೂ ವಾಪಸ್ ತರೋದಿಲ್ಲ.

ಇನ್ನೊಂದು. ಬೇಸ್‌ನ ಸ್ಥಾನ ಎಲ್ಲಿಂದ ತಗೊಂಡಿರಿ? 'ಸಿಂಗಲ್ ಪೊಸಿಷನ್ ಸರಾಸರಿ' ಅಂತ ಬಿಟ್ಟಿದ್ದರೆ ಅದು ಮೀಟರ್ ಲೆಕ್ಕದಲ್ಲಿ ತಪ್ಪಿರಬಹುದು. ಗಡಿಯ ಆಕಾರ ಸರಿಯಾಗಿರುತ್ತದೆ, ಇಡೀ ನಕ್ಷೆ ಮಾತ್ರ ಪಕ್ಕಕ್ಕೆ ಸರಿದಿರುತ್ತದೆ.

ನಕ್ಷೆಗಾರ:
ಹೌದು, ಸರಾಸರಿಯೇ ಇದೆ. ಅದನ್ನು ಸರಿಮಾಡುತ್ತೇನೆ. ಕೊನೆಯ ಪ್ರಶ್ನೆ: ರೇಶಿಯೊ 3 ದಾಟಿದರೆ ಫಿಕ್ಸ್ ನಂಬಬಹುದಾ?

ಸಿ_ಕೋಡ್:
ಪೂರ್ತಿ ನಂಬಬೇಡಿ. ಪೂರ್ಣಸಂಖ್ಯೆಗಳ ಅತ್ಯುತ್ತಮ ಊಹೆ ಎರಡನೆಯದಕ್ಕಿಂತ ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನೋದನ್ನಷ್ಟೇ ರೇಶಿಯೊ ಹೇಳುತ್ತದೆ. ಸಿಗ್ನಲ್ ಎಲ್ಲಿಂದಲೋ ಪ್ರತಿಫಲಿಸಿ ಬಂದಿದ್ದರೆ ತಪ್ಪು ಸಂಖ್ಯೆಯೂ ಚೆನ್ನಾಗಿಯೇ ಹೊಂದಬಹುದು. ಕೈನೆಮ್ಯಾಟಿಕ್‌ನಲ್ಲಿ (ರೋವರ್ ಚಲಿಸುತ್ತಿರುವಾಗಿನ ಆಯ್ಕೆ) 'ಕಂಬೈನ್ಡ್' ಕೊಟ್ಟಾಗ ಮುಂದಿನ ಮತ್ತು ಹಿಂದಿನ ಫಿಕ್ಸ್ ಒಂದಕ್ಕೊಂದು ತಾಳೆಯಾಗದಿದ್ದರೆ ಪ್ರೋಗ್ರಾಮೇ ಆ ಬಿಂದುವನ್ನು ಫ್ಲೋಟ್‌ಗೆ ಇಳಿಸುತ್ತದೆ. ಆರ್‌ಟಿಕೆಲಿಬ್ ಮೂಲ ಕೋಡ್‌ನ ಪೋಸ್ಟ್‌ಪೋಸ್.ಸಿ ಫೈಲ್‌ನಲ್ಲಿ ಆ ಸಾಲುಗಳು ಇವೆ, ತೆರೆದು ಓದಿ. ಹಾಗೆ ಇಳಿದ ಬಿಂದುಗಳ ಜಾಗಕ್ಕೆ ಮತ್ತೆ ಹೋಗಿ ಅಳೆಯಿರಿ.