550 ಡಿಗ್ರಿಯಲ್ಲಿ ಮೆದುವಾಗುವ ಉಕ್ಕನ್ನು ಸಮ್ಮಿಳನ ರಿಯಾಕ್ಟರಿಗೆ ಆರಿಸುವುದೇಕೆ?

ಪ್ರಶ್ನೆ: ವಿದ್ಯಾರ್ಥಿನಿ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ಸಮ್ಮಿಳನ ರಿಯಾಕ್ಟರಿನ ಬ್ಲಾಂಕೆಟ್‌ಗೆಂದು (ಬಿಸಿ ಪ್ಲಾಸ್ಮಾವನ್ನು ಸುತ್ತುವರಿದು ನ್ಯೂಟ್ರಾನ್‌ಗಳನ್ನು ಹೀರುವ ಹೊದಿಕೆಗೆಂದು) ರೂಪಿಸಿದ, ಸುಮಾರು ಶೇ. 9 ಕ್ರೋಮಿಯಂ ಇರುವ ಉಕ್ಕುಗಳ ಬಗ್ಗೆ ಸೆಮಿನಾರ್ ಸಿದ್ಧಪಡಿಸುತ್ತಿದ್ದೇನೆ. 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಪ್ರಮಾಣದ ಸ್ಟ್ರೇನ್‌ಅನ್ನು, ಅಂದರೆ ಎಳೆದು ಒತ್ತಿ ಉಂಟುಮಾಡುವ ಉದ್ದದ ಬದಲಾವಣೆಯನ್ನು, ಮತ್ತೆ ಮತ್ತೆ ಕೊಟ್ಟಾಗ 316 ಸ್ಟೇನ್‌ಲೆಸ್ ಉಕ್ಕು ಮೊದಲು ಗಡುಸಾಗುತ್ತದೆ. ಈ ಉಕ್ಕು ಮಾತ್ರ ಆರಂಭದಿಂದಲೇ ಮೆದುವಾಗುತ್ತ ಹೋಗುತ್ತದೆ. ಹೀಗಿದ್ದೂ ಇದನ್ನೇ ಏಕೆ ಆರಿಸುತ್ತಾರೆ?

ಉತ್ತರ: ನಿವೃತ್ತ ಲೋಹಶಾಸ್ತ್ರಜ್ಞ, ವಿರಾಜಪೇಟೆ

ಮೆದುವಾಗುವುದು ದೋಷವಲ್ಲ, ಹುಟ್ಟುಗುಣ. ಕಾಯಿಸಿ, ತಣಿಸಿ, ಮತ್ತೆ ಹದಗೊಳಿಸಿದ ಈ ಉಕ್ಕಿನ ಮಾರ್ಟೆನ್ಸೈಟ್ (ಬೇಗ ತಣಿಸಿದಾಗ ಮೂಡುವ ಗಡುಸು ರಚನೆ) ಪಟ್ಟಿಗಳಲ್ಲಿ ಡಿಸ್‌ಲೊಕೇಶನ್‌ಗಳು, ಅಂದರೆ ಪರಮಾಣು ಸಾಲುಗಳ ಜೋಡಣೆಯ ದೋಷಗಳು, ದಟ್ಟವಾಗಿರುತ್ತವೆ. ಎಳೆದು ಒತ್ತುವ ಪ್ರತಿ ಚಕ್ರದಲ್ಲೂ ಅವು ಪರಸ್ಪರ ಅಳಿದು, ಒಳಗಿನ ಉಪಕಣಗಳು ದೊಡ್ಡದಾಗುತ್ತವೆ. ಆದರೂ ಇದು 316ಕ್ಕಿಂತ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಕಡಿಮೆ ಹಿಗ್ಗುತ್ತದೆ, ಹಾಗಾಗಿ ಉಷ್ಣ ಒತ್ತಡವೇ ಕಡಿಮೆ. ನ್ಯೂಟ್ರಾನ್‌ಗಳ ಹೊಡೆತಕ್ಕೆ ಉಬ್ಬುವುದೂ ಕಡಿಮೆ. ದೀರ್ಘಕಾಲ ವಿಕಿರಣ ಸೂಸದಿರಲೆಂದು ಮಾಲಿಬ್ಡಿನಂ, ನಯೋಬಿಯಂಗಳ ಬದಲು ಟಂಗ್‌ಸ್ಟನ್, ಟ್ಯಾಂಟಲಂ ಸೇರಿಸುತ್ತಾರೆ. ಯೂರೋಪಿನ ಯೂರೋಫರ್97, ಜಪಾನಿನ ಎಫ್82ಎಚ್, ಶೇ. 1.4 ಟಂಗ್‌ಸ್ಟನ್ ಇರುವ ನಮ್ಮ ಭಾರತೀಯ ಉಕ್ಕು, ಎಲ್ಲವೂ ಈ ಕುಟುಂಬದವೇ.

ಉತ್ತರ: ಎಂಜಿನಿಯರ್, ಸೋಮವಾರಪೇಟೆ

ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಏಲಕ್ಕಿ ಒಣಗಿಸುವ ಗೂಡಿನ ಹೊಗೆಕೊಳವೆ ಬಿರಿಯುವುದು ಬೆಂಕಿ ಬಲವಾಗಿರುವಲ್ಲಿ ಅಲ್ಲ, ಗೋಡೆಗೆ ಬಿಗಿದು ಕಟ್ಟಿದಲ್ಲಿ. ಹಿಗ್ಗಲು ಜಾಗವಿಲ್ಲದ ಬಿಸಿ ಲೋಹ ಒತ್ತುವಿಕೆಗೆ ಸಿಕ್ಕಿ, ತಣಿಯುವಾಗ ಎಳೆತಕ್ಕೆ ಬೀಳುತ್ತದೆ. ಟೋಕಮಾಕ್ (ಕಾಂತಕ್ಷೇತ್ರದಲ್ಲಿ ಪ್ಲಾಸ್ಮಾವನ್ನು ಹಿಡಿದಿಡುವ ಸಮ್ಮಿಳನ ಯಂತ್ರ) ನಡೆಸುವ ಪ್ರತಿ ಮಿಡಿತದಲ್ಲೂ ಪ್ಲಾಸ್ಮಾಕ್ಕೆ ಎದುರಾದ ಗೋಡೆಗೆ ಇದೇ ಪಾಡು, ಅದೂ ಬಿಸಿಯಲ್ಲೇ ಬಹುಹೊತ್ತು ನಿಂತು. ಫ್ರಾನ್ಸಿನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಟೋಕಮಾಕ್ ಐಟರ್‌ನ ಒಂದು ಗುರಿಯೇ ಸುಮಾರು 400 ಸೆಕೆಂಡಿನ ಮಿಡಿತ. ಹಾಗೆ ನಿಲ್ಲುವಾಗ ಕ್ರೀಪ್ (ಬಿಸಿಯಲ್ಲಿ ಲೋಹ ನಿಧಾನವಾಗಿ ಹಿಗ್ಗಿ ಬಾಗುವುದು) ಸೇರಿ ಆಯುಷ್ಯ ಕುಗ್ಗುತ್ತದೆ. ಗಾಳಿಯಲ್ಲಿ ಮಾಡಿದ ಪರೀಕ್ಷೆಗಳಲ್ಲಿ, ಎಳೆದು ನಿಲ್ಲಿಸುವುದಕ್ಕಿಂತ ಒತ್ತಿ ನಿಲ್ಲಿಸುವುದೇ ಈ ಬಗೆಯ ಉಕ್ಕಿಗೆ ಹೆಚ್ಚು ಹಾನಿಕರವಾಗಿ ಕಂಡದ್ದುಂಟು, ಏಕೆಂದರೆ ಆಗ ಬೆಳೆದ ಆಕ್ಸೈಡ್ ಪೊರೆ ಮುಂದಿನ ಎಳೆತದಲ್ಲಿ ಒಡೆದು ಬಿರುಕಿಗೆ ಬಾಗಿಲು ತೆರೆಯುತ್ತದೆ. ನಿರ್ವಾತದಲ್ಲಿ ಆ ಪೊರೆಯಿಲ್ಲ. ಆದ್ದರಿಂದ ಗಾಳಿಯ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ.

ವಿದ್ಯಾರ್ಥಿನಿ: ಧನ್ಯವಾದಗಳು ಸರ್. ಉಕ್ಕು ಮೆದುವಾಗುತ್ತಲೇ ಹೋಗಿ ಒತ್ತಡ (ಸ್ಟ್ರೆಸ್) ಸ್ಥಿರವಾಗದಿದ್ದರೆ ಯಾವ ಚಕ್ರದ ಅಂಕಿಯನ್ನು ಬರೆಯಬೇಕು?

ವಿರಾಜಪೇಟೆ: ರೂಢಿಯಲ್ಲಿ ಅರ್ಧ ಆಯುಷ್ಯದ ಚಕ್ರದ್ದು, ಅಂದರೆ ಮುರಿಯುವವರೆಗಿನ ಚಕ್ರಗಳಲ್ಲಿ ನಟ್ಟನಡುವಿನದ್ದು. ಮೊದಲ ಚಕ್ರದ್ದನ್ನೂ ಪಕ್ಕದಲ್ಲಿ ಕೊಡಿ; ಎಷ್ಟು ಮೆದುವಾಯಿತೆಂಬುದು ಅಲ್ಲಿಯೇ ಕಾಣುತ್ತದೆ.