ಡಿಂಗೊ ಸ್ಕೌಟ್ ಕಾರ್ ಮಾಡೆಲ್: ಮಾಡಿದವರು ಅನುಭವ ಹೇಳಿ

ಕೇಳಿದ್ದು, ಮೈಸೂರಿನಿಂದ

ಇಷ್ಟು ದಿನ ವಿಮಾನದ ಮಾಡೆಲ್ ಮಾತ್ರ ಮಾಡಿದ್ದೇನೆ. ಈಗ ಮಿನಿಆರ್ಟ್ ಕಂಪನಿಯ 1/35 (ನಿಜವಾದ ಗಾಡಿಯ 35ರಲ್ಲಿ ಒಂದು ಪಾಲು ಅಳತೆಯ) ಡಿಂಗೊ ಕಿಟ್ ತಂದಿದ್ದೇನೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಸ್ಕೌಟ್ ಕಾರು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಓಡಿದ ಗಾಡಿಯ ಹಾಗೆ ಮಾಡುವ ಆಸೆ. ಡಬ್ಬಿ ತೆಗೆದರೆ ಅಕ್ಕಿಕಾಳಿಗಿಂತ ಸಣ್ಣ ಭಾಗಗಳಿವೆ. ಎಲ್ಲಿಂದ ಶುರು ಮಾಡಲಿ? ಬಣ್ಣ ಯಾವುದು? ನಮ್ಮ 4ನೇ ಇಂಡಿಯನ್ ಡಿವಿಷನ್‌ನ ಕೆಂಪು ಹದ್ದಿನ ಗುರುತು ಹಾಕಬಹುದಾ?

ಶಿವಮೊಗ್ಗದಿಂದ

ಸರ್, ನಾನು ಮೂರು ಡಿಂಗೊ ಮಾಡಿದ್ದೇನೆ. ಮೊದಲನೆಯದರಲ್ಲಿ ಆದ ತಪ್ಪು ಹೇಳುತ್ತೇನೆ, ನಿಮಗೆ ಆಗದಿರಲಿ. ಡ್ರೈವರ್ ಸೀಟು ಓರೆಯಾಗಿ ಕೂರುತ್ತಿತ್ತು. ಅಚ್ಚು ಸರಿಯಿಲ್ಲ ಅಂದುಕೊಂಡು ಕೆಳಗಿನ ಗೂಟ ಕತ್ತರಿಸಿ, ಉಜ್ಜಿ, ನೇರ ಮಾಡಿ ಅಂಟಿಸಿಬಿಟ್ಟೆ. ಆಮೇಲೆ ಗಾಡಿಯ ಚರಿತ್ರೆ ಓದಿದಾಗ ಗೊತ್ತಾಯಿತು, ನಿಜವಾದ ಡಿಂಗೊದಲ್ಲೂ ಸೀಟು ಓರೆಯೇ!

ಯಾಕೆ ಅಂದರೆ, ಸ್ಕೌಟ್ ಕಾರಿನ ಕೆಲಸ ಹೊಡೆದಾಟ ಅಲ್ಲ. ಮುಂದೆ ಹೋಗಬೇಕು, ಶತ್ರು ಎಲ್ಲಿದ್ದಾನೆ ನೋಡಬೇಕು, ವೈರ್‌ಲೆಸ್‌ನಲ್ಲಿ ತಿಳಿಸಬೇಕು, ಸಿಕ್ಕಿಬೀಳುವ ಮೊದಲು ವಾಪಸ್ ಬರಬೇಕು. ಇಕ್ಕಟ್ಟಿನ ದಾರಿಯಲ್ಲಿ ಗಾಡಿ ತಿರುಗಿಸಿಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ಅದಕ್ಕೇ ಡಿಂಗೊಗೆ ಮುಂದಕ್ಕೆ ಐದು ಗೇರ್, ಹಿಂದಕ್ಕೂ ಐದು ಗೇರ್. ಡ್ರೈವರ್ ಭುಜದ ಮೇಲಿಂದ ಹಿಂದೆ ನೋಡುತ್ತಾ ಹಿಮ್ಮುಖವಾಗಿಯೇ ಜೋರಾಗಿ ಓಡಿಸುತ್ತಿದ್ದ. ಸೀಟು ಓರೆ ಇದ್ದದ್ದು ಅದಕ್ಕೆ. ಅಂದಿನಿಂದ ಒಂದು ಭಾಗ ಯಾಕಿದೆ ಅಂತ ಗೊತ್ತಾಗದೆ ನಾನು ಅದಕ್ಕೆ ಬ್ಲೇಡ್ ಹಾಕುವುದಿಲ್ಲ.

ಇನ್ನೊಂದು, ನಿಮ್ಮ ಕಿಟ್ ಯಾವ ಮಾರ್ಕ್‌ನದು, ಅಂದರೆ ಗಾಡಿಯ ಯಾವ ಆವೃತ್ತಿಯದು, ನೋಡಿಕೊಳ್ಳಿ. ಮಾರ್ಕ್ 1ರಲ್ಲಿ ಸ್ಟೀರಿಂಗ್ ತಿರುಗಿಸಿದರೆ ನಾಲ್ಕೂ ಚಕ್ರ ತಿರುಗುತ್ತಿದ್ದವು. ಹೊಸ ಡ್ರೈವರ್‌ಗಳಿಗೆ ಹಿಡಿತ ಸಿಗುವುದು ಕಷ್ಟವಾಗಿ, ಮಾರ್ಕ್ 2ರಿಂದ ಮುಂದಿನ ಎರಡಕ್ಕೆ ಮಾತ್ರ ಸ್ಟೀರಿಂಗ್ ಉಳಿಸಿದರು. ಮಾರ್ಕ್ 3ಕ್ಕೆ ಮೇಲ್ಛಾವಣಿಯೇ ಇಲ್ಲ. ಚಕ್ರ ಸ್ವಲ್ಪ ತಿರುಗಿಸಿ ಅಂಟಿಸುವ ಆಸೆ ಇದ್ದರೆ ಇದು ಮುಖ್ಯ.

ಕೆಲಸ ಒಳಗಿನಿಂದ ಶುರು ಮಾಡಿ. ವಿಮಾನದಲ್ಲಿ ಕಾಕ್‌ಪಿಟ್ ಮುಗಿಸಿ ಮುಚ್ಚುತ್ತೀರಲ್ವಾ, ಹಾಗೇ. ವೈರ್‌ಲೆಸ್ ಸೆಟ್, ಸೀಟು, ಬ್ರೆನ್ ಮೆಷಿನ್ ಗನ್ ಎಲ್ಲ ಮೇಲಿಂದ ಕಾಣುತ್ತವೆ. ಬಣ್ಣ, ವಾಶ್ (ಸಂದುಗಳಲ್ಲಿ ನೆರಳು ಕಾಣಲು ಬಿಡುವ ತೆಳು ಬಣ್ಣ) ಮುಗಿದ ಮೇಲೆ ಮೇಲಿನ ತಗಡು ಕೂರಿಸಿ. ಸಸ್ಪೆನ್ಷನ್‌ನ ಸಣ್ಣ ಕೈಗಳನ್ನು ನಿಪ್ಪರ್‌ನಿಂದ ಕತ್ತರಿಸಿದರೆ ಒತ್ತಡಕ್ಕೆ ಮುರಿಯುತ್ತವೆ. ತೆಳು ಗರಗಸದಿಂದ ನಿಧಾನ ಕೊಯ್ಯಿರಿ. ಅಂಟು ಪೂರ್ತಿ ಒಣಗುವ ಮೊದಲು ಗಾಡಿಯನ್ನು ಗಾಜಿನ ಮೇಲಿಟ್ಟು ನಾಲ್ಕೂ ಚಕ್ರ ತಾಗುತ್ತವಾ ನೋಡಿ. ಒಂದು ಚಕ್ರ ಎದ್ದಿದ್ದರೆ ಸರಿಮಾಡಲು ಐದು ನಿಮಿಷ ಸಿಗುತ್ತದೆ, ಅಷ್ಟೇ.

ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹೊಡೆಯಬೇಡಿ. ನಮ್ಮ ಕಡೆ ಜುಲೈನಲ್ಲಿ ಹೊಡೆದರೆ ತೇವಕ್ಕೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಏರ್‌ಬ್ರಶ್ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಹಾಕಿಸಿ, ಬಿಸಿಲು ಬಂದ ದಿನ ನೋಡಿ ಹೊಡೆಯಿರಿ.

ಇಂಗ್ಲೆಂಡಿನ ಕಾವೆಂಟ್ರಿಯಿಂದ

ಕೆಲಸಕ್ಕೆ ಅಂತ ಬಂದು ನೆಲೆಸಿದ್ದು ಡಿಂಗೊ ಹುಟ್ಟಿದ ಊರಿನಲ್ಲೇ. ವಿನ್ಯಾಸ ಬಿಎಸ್‌ಎ ಕಂಪನಿಯದು, ತಯಾರಿಸಿದ್ದು ಅದೇ ಗುಂಪಿನ ಡೈಮ್ಲರ್. 1939ರಿಂದ 1945ರವರೆಗೆ 6,626 ಗಾಡಿಗಳು. ಡಿಂಗೊ ಅನ್ನುವ ಹೆಸರು ಮೊದಲು ಪೈಪೋಟಿಗಿದ್ದ ಆಲ್ವಿಸ್ ಕಂಪನಿಯ ಗಾಡಿಯದು. ಆ ಗಾಡಿ ಸೋತಿತು, ಹೆಸರು ಗೆದ್ದವರಿಗೆ ಅಂಟಿಕೊಂಡಿತು.

ಬಾವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಎತ್ತರ ನನ್ನ ಗಲ್ಲದವರೆಗೆ ಮಾತ್ರ! ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರಬೇಕು. ಇಷ್ಟು ಪುಟ್ಟ ಗಾಡಿಯ ಮುಂಭಾಗದ ಉಕ್ಕು 30 ಮಿಲಿಮೀಟರ್ ದಪ್ಪ. ನಿಮ್ಮ ಮಾಡೆಲ್ ಉದ್ದ ಸುಮಾರು 9 ಸೆಂಟಿಮೀಟರ್ ಬರುತ್ತದೆ, ಹಾಗಾಗಿ ವಾಶ್ ಜಾಸ್ತಿ ಸುರಿಯಬೇಡಿ.

ಟೈರಿನ ವಿಷಯ. ಭಾರ ಕಾಣಲಿ ಅಂತ ಕೆಲವರು ಮಾಡೆಲ್ ಟೈರಿನ ತಳ ಉಜ್ಜಿ ಚಪ್ಪಟೆ ಮಾಡುತ್ತಾರೆ. ಡಿಂಗೊಗೆ ಅದು ಬೇಡ. ಗುಂಡು ತಾಗಿದರೂ ಓಡುವ, ಬಹುಪಾಲು ಗಟ್ಟಿ ರಬ್ಬರಿನ ಟೈರುಗಳು ಅವು. ಸ್ಟೆಪ್ನಿಯನ್ನೂ ಇಡುತ್ತಿರಲಿಲ್ಲ.

ಬಣ್ಣಕ್ಕೆ ಮೊದಲು ವರ್ಷ ತೀರ್ಮಾನಿಸಿ. 1940-41 ಆದರೆ ಕಾಂಟರ್ ಸ್ಕೀಮ್ ಅನ್ನುವ ಮರೆಮಾಚುವ ಬಣ್ಣಗಾರಿಕೆ: ಪೋರ್ಟ್‌ಲ್ಯಾಂಡ್ ಸ್ಟೋನ್ ಮೇಲೆ ಸಿಲ್ವರ್ ಗ್ರೇ ಮತ್ತು ಸ್ಲೇಟ್‌ನ ಓರೆ ಪಟ್ಟೆಗಳು. ಆಮೇಲಿನದಾದರೆ ಮರಳಿನ ಬಣ್ಣದ ಲೈಟ್ ಸ್ಟೋನ್ ಸಾಕು. ಕಾಂಟರ್‌ನಲ್ಲಿ ತಿಳಿನೀಲಿ ಪಟ್ಟೆ ಇತ್ತು ಅಂತ ಹಳೆಯ ಚಿತ್ರಗಳಲ್ಲಿ, ಈಚೆಗೆ ಹೊಸದಾಗಿ ಬಣ್ಣ ಬಳಿದ ಗಾಡಿಗಳಲ್ಲೂ ನೋಡುತ್ತೀರಿ. ನಂಬಬೇಡಿ. ಅದು ಸಿಲ್ವರ್ ಗ್ರೇ, ಹಸಿರು ಛಾಯೆಯ ಬೂದು.

ಹುಬ್ಬಳ್ಳಿಯಿಂದ

ಕಣ್ಣಿಗೆ ಕಷ್ಟವಾದರೆ ಟಾಮಿಯಾ ಕಂಪನಿಯ 1/48 ಡಿಂಗೊ ಮೊದಲು ಮಾಡಿ. ಗಾತ್ರ ಚಿಕ್ಕದಾದರೂ ಭಾಗಗಳು ಕಡಿಮೆ, ಎರಡು ಭಾನುವಾರದಲ್ಲಿ ಮುಗಿಯುತ್ತದೆ. ಮತ್ತೆ ಧೂಳಿಗೆ ನಮ್ಮ ಕೆಂಪು ಮಣ್ಣು ಜರಡಿ ಹಿಡಿದು ಹಾಕಬೇಡಿ. ಲಿಬಿಯಾದ ಧೂಳು ಮಾಸಲು ಹಳದಿ. ಸೀಮೆಸುಣ್ಣದ ಪುಡಿಗೆ ಚೂರು ಕಂದು ಬೆರೆಸಿದರೆ ಸರಿಹೋಗುತ್ತದೆ.

ಬೆಳಗಾವಿಯಿಂದ

ಕೆಂಪು ಹದ್ದಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಆ ಗುರುತಿರುವ ಡಿಂಗೊದ ಫೋಟೊ ಒಂದಾದರೂ ಸಿಗುವವರೆಗೆ ಡಿಕಾಲ್ (ಗುರುತಿನ ಸ್ಟಿಕ್ಕರ್) ಸುಮ್ನೆ ಅಂಟಿಸಬೇಡಿ. ಅಲ್ಲಿ ಹೋರಾಡಿದ ನಮ್ಮವರ ಗುರುತು ಅದು, ಅವರು ಓಡಿಸಿದ ಗಾಡಿಯ ಮೇಲೇ ಇರಲಿ.

ನಮ್ಮವರ ಗಾಡಿಯೇ ಬೇಕು ಅಂದರೆ ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್ ಅನ್ನುವ ಕವಚದ ಗಾಡಿ ಇದೆ. ಕೆನಡಾದ ಫೋರ್ಡ್ ಚಾಸಿಸ್ ಮೇಲೆ ಭಾರತದಲ್ಲೇ ಕಟ್ಟಿದ್ದು. ಉಕ್ಕಿನ ತಗಡು ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಯದು, ಅದಕ್ಕೇ ಟಾಟಾನಗರ್ ಅಂತಲೂ ಕರೆಯುತ್ತಿದ್ದರು. ಯುದ್ಧದ ವರ್ಷಗಳಲ್ಲಿ 4,600ಕ್ಕೂ ಜಾಸ್ತಿ ಮಾಡಿದರು. ಉತ್ತರ ಆಫ್ರಿಕಾ, ಇಟಲಿ ಎಲ್ಲ ಕಡೆ ನಮ್ಮ ಪಡೆಗಳ ಜೊತೆ ಓಡಿತು. ಪ್ಲಾಸ್ಟಿಕ್ ಶೀಟ್ ಕತ್ತರಿಸಿ ನಾನೇ ಒಂದನ್ನು ಕಟ್ಟುತ್ತಿದ್ದೇನೆ. ಹೊರಮೈ ಎಲ್ಲ ಚಪ್ಪಟೆ ತಗಡುಗಳೇ, ಹಾಗಾಗಿ ಕೈಗೆ ಬರುತ್ತದೆ. ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂಗೂ ಒಮ್ಮೆ ಹೋಗಿಬನ್ನಿ. ಹಳೆಯ ಕವಚದ ಕಾರುಗಳ ಬೆಸುಗೆ, ಬೋಲ್ಟು ಹತ್ತಿರದಿಂದ ನೋಡಿದರೆ ಕೈಕೆಲಸವೇ ಬೇರೆಯಾಗುತ್ತದೆ.

ಮೈಸೂರಿನಿಂದ, ಮತ್ತೆ

ಎಲ್ಲರಿಗೂ ಧನ್ಯವಾದ. ಹದ್ದು ಸದ್ಯಕ್ಕೆ ಬೇಡ ಅಂತ ತೀರ್ಮಾನಿಸಿದೆ, ಲೈಟ್ ಸ್ಟೋನ್ ಒಂದೇ ಬಣ್ಣ ಹೊಡೆಯುತ್ತೇನೆ. ನನ್ನದು ಮಾರ್ಕ್ 2. ನಿನ್ನೆ ರಾತ್ರಿ ಡ್ರೈವರ್ ಸೀಟು ಕೂರಿಸಿದೆ, ಓರೆಯಾಗಿಯೇ. ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಆ ಸೀಟಿನಲ್ಲಿ ಕೂತವನಿಗೆ ಹಿಂದಿನ ದಾರಿ ಕಾಣುತ್ತದೆ ಸರ್.