ಆರ್ಕಿಟೈಪಲ್ ಅನಾಲಿಸಿಸ್: 0.5 ಬಂದರೆ ಅರ್ಧ ಸಂಭವನೀಯತೆ ಅಂತಾನಾ?

ಪ್ರಶ್ನೆ:
412 ಓಟಗಾರರ ಡೇಟಾ ಇದೆ. ನಾಲ್ಕು ಅಳತೆಗಳು: ವಾರದ ದೂರ, ವೇಗ, ಹೃದಯ ಬಡಿತ, ನಿದ್ದೆ. ಎಲ್ಲವನ್ನೂ ಒಂದೇ ಸ್ಕೇಲಿಗೆ ತಂದು ಆರ್ಕಿಟೈಪಲ್ ಅನಾಲಿಸಿಸ್‌ನಿಂದ ಮೂರು ಆರ್ಕಿಟೈಪ್, ಅಂದರೆ ಮಾದರಿ ಓಟಗಾರರನ್ನು, ತೆಗೆದೆ. ಒಂದರಲ್ಲಿ ವಾರಕ್ಕೆ 138 ಕಿ.ಮೀ. ಬಂದಿದೆ. ಅದರ ಹತ್ತಿರ ಇರುವವರು ಒಬ್ಬರೇ! 203ನೇ ಸಾಲಿನವರಿಗೆ ಆಲ್ಫಾ (ಪ್ರತಿ ಆರ್ಕಿಟೈಪ್‌ಗೂ ಒಂದರಂತೆ ಬರುವ ಅಂಕಿ) 0.5, 0.3, 0.2. ಅಂದರೆ ಮೊದಲ ಗುಂಪಿಗೆ ಸೇರುವ ಸಾಧ್ಯತೆ ಅರ್ಧ ಅಂತಾನಾ? ನಾಲ್ಕು ಆರ್ಕಿಟೈಪ್ ಕೇಳಿದರೆ ಹಳೆಯ ಮೂರೂ ಬದಲಾಗುತ್ತವೆ. ಎಲ್ಲಿ ತಪ್ಪಿದೆ?

ಉತ್ತರ 1:
ಇಲ್ಲಿ ಗುಂಪುಗಳೇ ಇಲ್ಲ, ಸಂಭವನೀಯತೆಯೂ ಅಲ್ಲ. 0.5 ಅನ್ನೋದು ಬೆರಕೆಯ ಪಾಲು: ಆ ಓಟಗಾರರನ್ನು ಮೂರು ಆರ್ಕಿಟೈಪ್‌ಗಳ ಬೆರಕೆಯಾಗಿ ಬರೆದಾಗ ಮೊದಲನೆಯದು ಅರ್ಧ. ಸಂಖ್ಯಾಶಾಸ್ತ್ರಜ್ಞರಾದ ಕಟ್ಲರ್ ಮತ್ತು ಬ್ರೈಮನ್ 1994ರಲ್ಲಿ ಈ ವಿಧಾನ ಕೊಟ್ಟಾಗ ಹುಡುಕಿದ್ದು ಡೇಟಾದ ಅಂಚುಗಳನ್ನು, ನಡುವನ್ನಲ್ಲ. ಅದಕ್ಕೇ ಆರ್ಕಿಟೈಪ್ ಪಕ್ಕದಲ್ಲಿ ಜನ ಕಡಿಮೆ. ಕೆ-ಮೀನ್ಸ್ (ಡೇಟಾವನ್ನು ಗುಂಪು ಮಾಡಿ ಪ್ರತಿ ಗುಂಪಿನ ನಡುವನ್ನು ಹುಡುಕುವ ವಿಧಾನ) ಕಣ್ಣಿನಿಂದ ನೋಡಿದರೆ ಎಲ್ಲರಿಗೂ ಇದು ವಿಚಿತ್ರ ಅನ್ನಿಸುತ್ತದೆ.

ಮೂರು ನಾಲ್ಕಾದಾಗ ಹಳೆಯವು ಜಾಗ ಬಿಡುವುದು ಸಹಜ. ಆದರೆ ಆರ್ಕಿಟೈಪ್‌ಗಳ ಪ್ರತಿ ಸಂಖ್ಯೆಗೂ ಬೇರೆ ಬೇರೆ ಆರಂಭದಿಂದ ಹತ್ತಾರು ಸಲ ಓಡಿಸಿ, ಅತಿ ಕಡಿಮೆ ಉಳಿಕೆ (ಬೆರಕೆಗೂ ನಿಜವಾದ ಡೇಟಾಕ್ಕೂ ಇರುವ ಅಂತರ) ಬಂದದ್ದನ್ನು ಇಟ್ಟುಕೊಳ್ಳಿ. ಒಂದೇ ಸಲ ಓಡಿಸಿದರೆ ಅರ್ಧ ದಾರಿಯಲ್ಲೇ ಸಿಕ್ಕಿಕೊಂಡಿರಬಹುದು.

ಆ 138ಕ್ಕೆ ಬೀಟಾ ನೋಡಿದ್ರಾ? ಯಾವ ಸಾಲುಗಳಿಂದ, ಎಷ್ಟೆಷ್ಟು ಪಾಲಿನಲ್ಲಿ ಆರ್ಕಿಟೈಪ್ ಆಯಿತು ಅಂತ ಅದೇ ಹೇಳುತ್ತದೆ. ನಾನಂತೂ ಹೆಸರಿಡುವ ಮೊದಲು ಅದನ್ನೇ ತೆರೆಯುತ್ತೇನೆ.

ಉತ್ತರ 2:
ಇನ್ನೊಂದು ಮಾತು. ಮೂರು ಆರ್ಕಿಟೈಪ್ ಅಂದರೆ ಒಂದು ತ್ರಿಕೋನ ಅಷ್ಟೇ, ನಿಮ್ಮ ಅಳತೆಗಳು ನಾಲ್ಕು. ತ್ರಿಕೋನದಿಂದ ದೂರ ಇರುವವರಿಗೂ ಆಲ್ಫಾ ಕೂಡಿದರೆ 1 ಬಂದೇ ಬರುತ್ತದೆ. 203ನೇ ಸಾಲಿನ ಉಳಿಕೆ ಎಷ್ಟು? ಅದು ಜಾಸ್ತಿ ಇದ್ದರೆ 0.5 ನಂಬಬೇಡಿ.

ಪ್ರಶ್ನೆ ಕೇಳಿದವರು:
ಬೀಟಾ ತೆರೆದೆ. 57ನೇ ಸಾಲಿಗೆ 0.97! ಆ ಒಬ್ಬರೇ ಇಡೀ ಆರ್ಕಿಟೈಪ್ ಎಳೆದುಕೊಂಡಿದ್ದರು. ಮೂಲ ಹಾಳೆ ನೋಡಿದರೆ 68 ಮತ್ತು 73, ಎರಡು ವಾರದ ದೂರ ಕೂಡಿ 141 ಅಂತ ನಾನೇ ಬರೆದಿದ್ದೆ. ತಿದ್ದಿ ಇಪ್ಪತ್ತು ಸಲ ಓಡಿಸಿದೆ. ಈಗ ಆ ಅಂಚು 96 ಕಿ.ಮೀ., ಬೀಟಾ ಮೂರು ಜನರಲ್ಲಿ ಹಂಚಿದೆ. 203ರ ಉಳಿಕೆ ಸಣ್ಣದು, ಮೊದಲ ಆಲ್ಫಾ 0.38ಕ್ಕೆ ಇಳಿದಿದೆ. ಇವತ್ತು ರಾತ್ರಿ ಉಳಿದವರ ಉಳಿಕೆಗಳನ್ನೂ ದೊಡ್ಡದರಿಂದ ಜೋಡಿಸಿ ನೋಡುತ್ತೇನೆ.